ಮುಚ್ಚಳದ ಮೇಲಿನ ಕುಂಕುಮ

ನಾನು ಒಂದು ಮುಚ್ಚಳ. ಡಬ್ಬಿಯದ್ದೂ ಅಲ್ಲ, ಬಾಟಲಿಯದ್ದೂ ಅಲ್ಲ. ಹಳೆಯ ಪೆಟ್ರೋಲ್ ಕಾರಿನ ಡಿಸ್ಟ್ರಿಬ್ಯೂಟರ್ ಮುಚ್ಚಳ. ಗ್ಯಾರೇಜಿನವರು ನನ್ನನ್ನು ಕ್ಯಾಪ್ ಎಂದಷ್ಟೇ ಕರೆಯುತ್ತಾರೆ. ಈಗಿನ ಕಾರುಗಳಲ್ಲಿ ನನ್ನಂಥವರಿಗೆ ಕೆಲಸವಿಲ್ಲ. ಹಾಗಾಗಿ ನಿಮಗೆ ನನ್ನ ಪರಿಚಯವಿಲ್ಲದಿದ್ದರೆ ನನಗೇನೂ ಬೇಜಾರಿಲ್ಲ. ಬೇಜಾರು ಮಾಡಿಕೊಳ್ಳುವಷ್ಟು ತ್ರಾಣವೂ ಈಗ ಉಳಿದಿಲ್ಲ ಅನ್ನಿ.

ನಾನು ಹುಟ್ಟಿದ್ದು ದೂರದ ಊರಿನ ಒಂದು ಕಾರ್ಖಾನೆಯಲ್ಲಿ. ಮೊದಲು ನಾನು ಬರೀ ಪುಡಿ. ಆ ಪುಡಿಯನ್ನು ಕಾದ ಅಚ್ಚಿಗೆ ಸುರಿದು ಮೇಲಿಂದ ಒತ್ತಿ ಹಿಡಿದರು. ಉಸಿರು ಕಟ್ಟಿದ ಹಾಗಾಯಿತು. ಅಚ್ಚು ತೆರೆದಾಗ ನಾನು ಕವುಚಿದ ಬಟ್ಟಲಿನಂತಿದ್ದೆ, ತಲೆಯ ಮೇಲೆ ಐದು ಕೊಂಬು. ನಾಲ್ಕು ಸುತ್ತ, ಒಂದು ನಡುವೆ. ಯಾರೋ ನನ್ನ ಅಂಚು ತೀಡಿ, ಊದಿ, ರಟ್ಟಿನ ಪೆಟ್ಟಿಗೆಯೊಳಗೆ ಹಾಕಿದರು.

ನನ್ನ ಕೆಲಸ ಕೇಳಿದರೆ ಬಹಳ ಸುಲಭ ಅನಿಸುತ್ತದೆ. ಬ್ಯಾಟರಿಯ ಕರೆಂಟನ್ನು ಹೆಚ್ಚಿಸುವ ಕಾಯಿಲಿನಿಂದ ಬರುವ ಭಾರೀ ಕರೆಂಟು ನನ್ನ ನಡುಗೊಂಬಿನಲ್ಲಿ ಒಳಗಿಳಿಯುತ್ತದೆ. ನನ್ನ ಹೊಟ್ಟೆಯಲ್ಲಿ ಒಂದು ಪುಟ್ಟ ಕೈ ಗಿರಗಿರ ತಿರುಗುತ್ತಾ ಅದನ್ನು ಸುತ್ತಲಿನ ಕೊಂಬುಗಳಿಗೆ ಸರದಿಯಂತೆ ಹಂಚುತ್ತದೆ. ಅಲ್ಲಿಂದ ದಪ್ಪ ವಯರುಗಳಲ್ಲಿ ಹರಿದು ಅದು ಪೆಟ್ರೋಲಿಗೆ ಕಿಡಿ ಹಚ್ಚುವ ಪ್ಲಗ್ಗುಗಳಿಗೆ ಮುಟ್ಟಬೇಕು. ಊಟದ ಪಂಕ್ತಿಯಲ್ಲಿ ಬಡಿಸುವವನ ಕೆಲಸವೇ ನನ್ನದು. ಒಂದು ಎಲೆ ಬಿಟ್ಟುಹೋದರೂ ಗಾಡಿ ಮುಗ್ಗರಿಸುತ್ತದೆ. ಅದಕ್ಕೆ ನನ್ನಿಂದ ಬೇಕಾದದ್ದು ಒಂದೇ, ನಾನು ಒಣಗಿರಬೇಕು. ಮೈ ಒದ್ದೆಯಾದರೆ ಕರೆಂಟು ದಾರಿ ಬಿಟ್ಟು ನನ್ನ ಮೈಮೇಲೆಯೇ ಹರಿದಾಡಿ ಎಲ್ಲೋ ಸೋರಿಹೋಗುತ್ತದೆ. ಇಷ್ಟು ಗೊತ್ತಿದ್ದೂ ನನ್ನನ್ನು ಕಳಿಸಿದ್ದು ಎಲ್ಲಿಗೆ ಅಂತೀರಿ? ಕರಾವಳಿಗೆ! ಮಳೆ ಶುರುವಾದರೆ ನಾಲ್ಕು ತಿಂಗಳು ಒಗೆದ ಬಟ್ಟೆ ಒಣಗದ ಊರಿಗೆ. ನನ್ನ ಹಣೆಬರಹ.

ಮೊದಲು ನಾನು ಕೂತದ್ದು ಒಂದು ಗೇರುಬೀಜದ ಕಾರ್ಖಾನೆಯ ಮ್ಯಾನೇಜರರ ಬಿಳಿ ಕಾರಿನಲ್ಲಿ. ಪುಣ್ಯಾತ್ಮರು ಮಳೆಗಾಲದಲ್ಲಿ ಕಾರನ್ನು ಶೆಡ್ಡಿನಿಂದ ಹೊರಗೇ ತೆಗೆಯುತ್ತಿರಲಿಲ್ಲ. ಅವರ ಮುಖ ಹೇಗಿತ್ತು ಎಂದು ನನಗೆ ತಿಳಿಯದು. ಬಾನೆಟ್ ಎತ್ತಿದರೆ ಮಾತ್ರ ನನಗೆ ಲೋಕ ಕಾಣುವುದು, ಅವರು ಅದನ್ನು ಒಮ್ಮೆಯೂ ಎತ್ತಿದವರಲ್ಲ. ಕೇಳಿಸುವುದು ಮಾತ್ರ ಎಲ್ಲವೂ ಕೇಳಿಸುತ್ತದೆ. ಹಾಗೆಯೇ ಒಂದು ದಿನ ಕಾರು ಮಾರಿದ್ದೂ ಕೇಳಿಸಿತು.

ಕೊಂಡವನು ಕಟಪಾಡಿಯ ದೂಮಪ್ಪ. ಬಾಡಿಗೆ ಕಾರು ಓಡಿಸುವವನು. ಮಾತು ಕಡಿಮೆ, ಹಾರನ್ ಇನ್ನೂ ಕಡಿಮೆ. ಕಾರು ಮನೆಗೆ ಬಂದ ದಿನ ಅವನ ಹೆಂಡತಿ ಗುಲಾಬಿ ಅಂಗಳ ಗುಡಿಸಿ ನೀರು ಚಿಮುಕಿಸಿ ಕಾಯುತ್ತಿದ್ದಳು. ಬಾನೆಟ್ ಎದ್ದಿತು. ನನಗೆ ಕಂಡದ್ದು ಒಂದು ದುಂಡು ಮುಖ, ಮೂಗುಬೊಟ್ಟು, ಕೈಯಲ್ಲಿ ಹಿತ್ತಾಳೆ ತಟ್ಟೆ.

"ಒಳಗಿನ ಸಾಮಾನಿಗೂ ಹಚ್ಚಬೇಕು. ಓಡುದು ಇವು, ಹೊರಗಿನ ತಗಡಲ್ಲ," ಅಂದಳು.

ಕಾಯಿ ಒಡೆದು ಅದರ ನೀರನ್ನು ಇಂಜಿನಿಗೆ ಪ್ರೋಕ್ಷಿಸಿದಳು. ಆಮೇಲೆ ಕುಂಕುಮವನ್ನು ನೀರಲ್ಲಿ ಕಲಸಿ ಬ್ಯಾಟರಿಗೆ, ರೇಡಿಯೇಟರಿಗೆ, ಕೊನೆಗೆ ನನಗೆ ಹಚ್ಚಿದಳು. ಉಳಿದವಕ್ಕೆ ಒಂದೊಂದೇ ಬೊಟ್ಟು. ನನಗೆ ಮಾತ್ರ ಐದೂ ಕೊಂಬಿನ ಬುಡಕ್ಕೆ ಬೊಟ್ಟಿಟ್ಟು, "ಇದು ನೋಡಿ, ಕಿರೀಟದ ಹಾಗೆ ಉಂಟು," ಎಂದು ನಡುವೆ ಒಂದು ಗೆರೆಯನ್ನೂ ಎಳೆದಳು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ಮುಟ್ಟಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನಾನು ಉಬ್ಬಿಹೋದೆ.

ಬಿಸಿಲು ಇರುವವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಜೂನಿನಲ್ಲಿ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ದೂಮಪ್ಪ ಬಾಡಿಗೆ ಮುಗಿಸಿ ಒಬ್ಬನೇ ಮನೆಗೆ ಬರುತ್ತಿದ್ದ. ಮಳೆ ಎಂದರೆ ಮಳೆಯಲ್ಲ, ಕೊಡಪಾನದಲ್ಲಿ ಎತ್ತಿ ಸುರಿದ ಹಾಗೆ. ಇಂಜಿನಿನ ಮುಂದಿನ ಫ್ಯಾನು ಎರಚಿದ ನೀರು ನನ್ನ ಮೇಲೆ ಬಿತ್ತು. ಕಾಯಿನೀರಿನ ಉಪ್ಪು, ಕುಂಕುಮದ ಪಸೆ, ಮೇಲಿಂದ ಮಳೆ. ಕರೆಂಟಿಗೆ ಹೊಸ ರಸ್ತೆ ಮಾಡಿಕೊಟ್ಟ ಹಾಗಾಯಿತು. ಅದು ಪ್ಲಗ್ಗಿನ ಕಡೆ ಹೋಗುವುದು ಬಿಟ್ಟು ಬೊಟ್ಟಿನಿಂದ ಬೊಟ್ಟಿಗೆ ಜಿಗಿಯಿತು. ಗಾಡಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ದೂಮಪ್ಪ ಶಪಿಸುತ್ತಾ ಇಳಿಯಬೇಕು ಅನ್ನುವಷ್ಟರಲ್ಲಿ ಮುಂದೆ ಧಡಾರ್ ಎಂದು ಸದ್ದಾಯಿತು. ರಸ್ತೆ ಬದಿಯ ಹಳೆಯ ಗೋಳಿಮರ ಬುಡಸಮೇತ ಮಗುಚಿಬಿದ್ದಿತ್ತು. ಗಾಡಿ ನಿಲ್ಲದಿದ್ದರೆ ಅವನು ಆ ಹೊತ್ತಿಗೆ ಅದರ ಅಡಿಯಲ್ಲೇ ಇರುತ್ತಿದ್ದ.

ನಾನು ಒಣಗಿದ ಮೇಲೆ ಬೇರೆ ದಾರಿಯಲ್ಲಿ ಮನೆಗೆ ಬಂದು ಅವನು ನಡೆದದ್ದು ಹೇಳಿದ. ಗುಲಾಬಿ ಅಲ್ಲೇ ಅಂಗಳದಲ್ಲಿ ಕುಸಿದು ಕೂತು ಅತ್ತಳು. ಆಮೇಲೆ ಬಂದು ಬಾನೆಟ್ ಎತ್ತಿಸಿ, ನನ್ನ ಮೇಲೆ ಉಳಿದಿದ್ದ ಕೆಂಪನ್ನು ನೋಡಿ ಕೈ ಮುಗಿದಳು.

"ದೇವರೇ ಗಾಡಿ ನಿಲ್ಲಿಸಿದ್ದು. ಇನ್ನು ಪ್ರತಿ ಶುಕ್ರವಾರ ಹಚ್ಚುದೇ. ನಾನು ಇರುವವರೆಗೆ ಬಿಡ್ಲಿಕ್ಕಿಲ್ಲ."

ಹಾಗೆ ಹೇಳಿದ್ದನ್ನು ಬಿಡುವ ಹೆಂಗಸಲ್ಲ ಅವಳು. ಶುಕ್ರವಾರ ಬೆಳಿಗ್ಗೆ ಮಿಂದು, ತಟ್ಟೆ ಹಿಡಿದು ಬರುತ್ತಿದ್ದಳು. ಪದರದ ಮೇಲೆ ಪದರ ಕೂತಿತು. ಬೇಸಗೆಯಲ್ಲಿ ತೊಂದರೆಯಿಲ್ಲ. ಮಳೆಗಾಲ ಬಂತೋ, ದೂಮಪ್ಪನ ಗಾಡಿ ಸೇತುವೆ ಮೇಲೆ ನಿಂತಿತು, ಪೇಟೆಯಲ್ಲಿ ನಿಂತಿತು, ಮದುವೆಗೆ ಹೊರಟವರನ್ನು ಕೂರಿಸಿಕೊಂಡು ನಿಂತಿತು. ಬಾಡಿಗೆ ಕಾರುಗಳ ಸ್ಟ್ಯಾಂಡಿನಲ್ಲಿ ಅವನಿಗೆ "ಮೋಡ ಕಂಡರೆ ಮುಷ್ಕರ" ಎಂದು ಹೆಸರು ಬಿತ್ತು. ಪ್ರತಿ ಸಲ ಅವನು ಬಾನೆಟ್ ಎತ್ತಿ ಎಲ್ಲವನ್ನೂ ಒರೆಸುತ್ತಿದ್ದ, ವಯರು, ಕಾಯಿಲ್, ನನ್ನ ಪಕ್ಕೆ, ನನ್ನ ಅಂಚು. ಕುಂಕುಮವನ್ನು ಮಾತ್ರ ಬಿಟ್ಟು, ಅದಕ್ಕೆ ಬಟ್ಟೆ ತಾಗದ ಹಾಗೆ ಸುತ್ತ ಒರೆಸುತ್ತಿದ್ದ. ಜೀವ ಉಳಿಸಿದ ಕುಂಕುಮವನ್ನು ಅಳಿಸುವ ಧೈರ್ಯ ಯಾರಿಗೆ ಬರುತ್ತದೆ? ನನಗೆ ಬಾಯಿದ್ದಿದ್ದರೆ ಕೂಗಿ ಹೇಳುತ್ತಿದ್ದೆ, ಮಾರಾಯ, ಅಲ್ಲೇ ಇರುವುದು ಅಂತ. ಇಲ್ಲವಲ್ಲ.

ಮೆಕ್ಯಾನಿಕ್ ಲೋಕಯ್ಯ ಮೇಸ್ತ್ರಿಯ ಪಾಡು ಇನ್ನೊಂದು. ಪೆಟ್ರೋಲಿಗೆ ನೀರು ಸೇರಿದೆ ಎಂದು ಟ್ಯಾಂಕಿನ ತಳ ಖಾಲಿ ಮಾಡಿದ. ಪ್ಲಗ್ ತೊಳೆದ. ಪಾಯಿಂಟ್ ಉಜ್ಜಿದ. ಕಾಯಿಲ್ ಬದಲಿಸಿದ. ಅವನ ಗ್ಯಾರೇಜಿಗೆ ಎಳೆದು ತರುವಷ್ಟರಲ್ಲಿ ಇಂಜಿನಿನ ಬಿಸಿಗೆ ನಾನು ಒಣಗಿರುತ್ತಿದ್ದೆ, ಕೀ ತಿರುಗಿಸಿದ ಕೂಡಲೇ ಗಾಡಿ ಸ್ಟಾರ್ಟ್.

"ನನ್ನ ಮರ್ಯಾದೆ ತೆಗೀಲಿಕ್ಕೇ ಹುಟ್ಟಿದ ಗಾಡಿ ಇದು," ಎಂದು ಅವನು ಸ್ಪ್ಯಾನರ್ ಬಿಸಾಡಿದ. "ದೂಮಣ್ಣ, ಇನ್ನೊಮ್ಮೆ ನಿಂತರೆ ಎಳ್ಕೊಂಡು ಬರ್ಬೇಡಿ. ನಿಂತಲ್ಲೇ ಬಿಟ್ಟು ನನ್ನನ್ನು ಕರೀರಿ."

ನಿಂತಿತು, ಕಟಪಾಡಿಯ ಸ್ಟ್ಯಾಂಡಿನಲ್ಲೇ. ಲೋಕಯ್ಯ ಗೋಣಿಚೀಲ ಹೊದ್ದುಕೊಂಡು ಓಡಿಬಂದ. ಬಂದವನು ಅದೇ ಗೋಣಿಯನ್ನು ತನ್ನ ತಲೆಗೂ ದೂಮಪ್ಪನ ತಲೆಗೂ ಸೇರಿಸಿ ಹಾಕಿ, ನನ್ನ ಮೇಲೆ ಬಗ್ಗಿದ. ಹಾಡುಹಗಲಲ್ಲಿ ಇಬ್ಬರು ದೊಡ್ಡ ಗಂಡಸರು ಒಂದು ಗೋಣಿಯ ಕತ್ತಲೆಯಲ್ಲಿ ನನ್ನ ಮುಖಕ್ಕೆ ಮುಖ ತಂದು ನಿಂತರು. ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರು ಕೀ ತಿರುಗಿಸಿದ.

ಆಗ ಕಂಡಿತು ಅವರಿಗೆ. ನೀಲಿ ನೀಲಿ ಎಳೆಗಳು ಚಿಟಿಚಿಟಿ ಎನ್ನುತ್ತಾ ಒಂದು ಬೊಟ್ಟಿನಿಂದ ಇನ್ನೊಂದು ಬೊಟ್ಟಿಗೆ, ಅಲ್ಲಿಂದ ಗುಲಾಬಿ ಎಳೆದ ಗೆರೆಯುದ್ದಕ್ಕೂ ಹರಿದಾಡುತ್ತಿದ್ದವು.

ಲೋಕಯ್ಯನ ಹಣೆಯಲ್ಲೂ ಕುಂಕುಮವಿತ್ತು. ಅವನ ಗ್ಯಾರೇಜಿನ ಜಾಕಿಗೂ ಕುಂಕುಮವಿತ್ತು.

"ಅಯ್ಯೋ ದೇವರೇ," ಅಂದ ಅವನು. "ದೂಮಣ್ಣ, ಇದನ್ನು ನನ್ನ ಬಾಯಲ್ಲಿ ಹೇಳಿಸ್ಬೇಡಿ. ನಿಮಗೇ ಕಾಣ್ತದಲ್ಲ."

"ಕಾಣ್ತದೆ."

"ಗುಲಾಬಿ ಅಕ್ಕನಿಗೆ ಹೇಳ್ಬೇಕು ಮತ್ತೆ."

"ಹೇಳುದು ಹೇಗೆ ಮಾರಾಯ? ಅದೇ ನನ್ನನ್ನು ಉಳಿಸಿದ್ದು ಅಂತ ನಂಬಿ ಕೂತಿದ್ದಾಳೆ. ಅದನ್ನು ತೆಗೆದ್ರೆ ಅವಳಿಗೆ ದಿನಾ ನನ್ನನ್ನು ಕಳಿಸ್ಲಿಕ್ಕೆ ಧೈರ್ಯ ಎಲ್ಲಿಂದ ಬರ್ಬೇಕು?"

ಲೋಕಯ್ಯ ಕೈಮುಗಿದು, ಕಣ್ಣುಮುಚ್ಚಿ, ನನ್ನನ್ನು ಪೂರ್ತಿ ಒರೆಸಿದ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಅಂದಿನಿಂದ ದೂಮಪ್ಪನ ಕಳ್ಳಾಟ ಶುರು. ಶುಕ್ರವಾರ ಗುಲಾಬಿ ಹಚ್ಚುತ್ತಾಳೆ, ಅವನು ಭಕ್ತಿಯಿಂದ ನಿಂತು ನೋಡುತ್ತಾನೆ. ಮನೆಯಿಂದ ಹೊರಟು, ಮುಚ್ಚಿಹೋದ ಅಕ್ಕಿಮಿಲ್ಲಿನ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಆಚೀಚೆ ನೋಡಿ, ಕೈಮುಗಿದು ಒರೆಸುತ್ತಾನೆ. ಆ ಬಟ್ಟೆಯನ್ನು ಯಾರೂ ತುಳಿಯದ ಕಡೆ ಹಲಸಿನ ಮರದ ಬುಡದಲ್ಲಿ ಹಿಂಡುತ್ತಾನೆ. ಮರುವಾರ ಗುಲಾಬಿ ಬಾನೆಟ್ ಎತ್ತಿದರೆ ಕುಂಕುಮವೇ ಇಲ್ಲ.

"ನೋಡಿ, ದೇವರು ತೆಗೊಂಡಿದ್ದಾನೆ," ಎಂದು ಅವಳು ಖುಷಿಯಿಂದ ಇನ್ನಷ್ಟು ದಪ್ಪಗೆ ಹಚ್ಚುತ್ತಿದ್ದಳು. ದೂಮಪ್ಪ "ಹೌದು ಹೌದು" ಅನ್ನುತ್ತಿದ್ದ. ಹಚ್ಚಿಸಿಕೊಳ್ಳುವುದು, ಒರೆಸಿಸಿಕೊಳ್ಳುವುದು, ಮತ್ತೆ ಹಚ್ಚಿಸಿಕೊಳ್ಳುವುದು. ನನಗಂತೂ ಸಾಕುಸಾಕಾಗಿ ಹೋಗಿತ್ತು.

ಈ ಗುಟ್ಟು ಗೊತ್ತಿದ್ದ ಮೂರನೆಯವರು ಐರಿನ್ ಟೀಚರ್. ನಿವೃತ್ತರು, ಒಂಟಿ ಜೀವ. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ಉಡುಪಿಯ ಆಚೆಯ ದೊಡ್ಡ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಕರೆದೊಯ್ಯುವವನು ದೂಮಪ್ಪ. ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಮಂಚ ಮುಂದಿನವರಿಗೆ. ಶುಕ್ರವಾರ ಅವರನ್ನು ಕೂರಿಸಿಕೊಂಡೇ ಅವನು ಮಿಲ್ಲಿನ ತಿರುವಿನಲ್ಲಿ ನಿಲ್ಲಿಸುತ್ತಿದ್ದ.

"ಇವತ್ತಲ್ಲ ನಾಳೆ ಅವಳಿಗೆ ಹೇಳ್ಲೇಬೇಕು ದೂಮಪ್ಪ," ಅನ್ನುತ್ತಿದ್ದರು ಟೀಚರ್ ಹಿಂದಿನ ಸೀಟಿನಿಂದ.

"ಹೇಳ್ತೇನೆ ಟೀಚರ್. ಈ ಮಳೆಗಾಲ ಒಂದು ಕಳೀಲಿ."

ಎಷ್ಟೋ ಮಳೆಗಾಲ ಕಳೆದವು. ಅವನು ಹೇಳಲಿಲ್ಲ.

ಒಂದು ಜುಲೈಯಲ್ಲಿ ಮಳೆ ಬಿಡದೆ ಹೊಡೆಯಿತು. ಮಂಗಳವಾರ ರಸ್ತೆಯ ಮೇಲೆ ಹೊಳೆ ಹರಿದು ಟೀಚರಿಗೆ ಆಸ್ಪತ್ರೆಗೆ ಹೋಗಲಿಕ್ಕಾಗಲಿಲ್ಲ. ಶುಕ್ರವಾರದ ಹೊತ್ತಿಗೆ ಅವರ ಕಾಲು ಬಾತು, ಮುಖ ಊದಿ, ಉಸಿರು ಗೊರಗೊರ ಅನ್ನುತ್ತಿತ್ತು. ಇನ್ನೊಂದು ಸರದಿ ತಪ್ಪಿದರೆ ಉಳಿಯುವುದಿಲ್ಲ ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದರು. ಅಂದು ಗುಲಾಬಿ ಎಂದಿನಂತೆ ಕುಂಕುಮ ಹಚ್ಚಿದಳು, ಮಳೆ ಜೋರಿದೆ ಎಂದು ಸ್ವಲ್ಪ ಹೆಚ್ಚೇ ಹಚ್ಚಿದಳು. ಹಚ್ಚಿ, ತಟ್ಟೆ ಒಳಗಿಟ್ಟು ಬಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು.

"ಟೀಚರನ್ನು ಹಿಡಿದು ಇಳಿಸ್ಲಿಕ್ಕೆ ಒಂದು ಹೆಣ್ಣು ಜೀವ ಬೇಡವಾ? ನಾನೂ ಬರ್ತೇನೆ."

ಬೇಡ ಅನ್ನಲು ದೂಮಪ್ಪನಿಗೆ ಕಾರಣ ಸಿಗಲಿಲ್ಲ. ಟೀಚರನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡು ಹೊರಟ ಮೇಲೆ ಮಿಲ್ಲಿನ ತಿರುವು ಬಂತು. ಗಾಡಿ ನಿಧಾನವಾಯಿತು. ನಿಲ್ಲಿಸುತ್ತಾನೆ ಅಂದುಕೊಂಡೆ. ನಿಲ್ಲಿಸದೆ ಮುಂದೆ ಹೋದ. ನನಗೆ ಅಲ್ಲೇ ಗೊತ್ತಾಯಿತು, ಇವತ್ತು ಗ್ರಹಚಾರ ಕೆಟ್ಟಿತು ಅಂತ.

ಉದ್ಯಾವರದ ಸೇತುವೆ ದಾಟಿ ಸ್ವಲ್ಪ ಮುಂದೆ, ಎರಡೂ ಬದಿ ಗದ್ದೆ ತುಂಬಿ ನೀರು ರಸ್ತೆಗೆ ಹತ್ತಿದ ಕಡೆ, ಒಂದು ಲಾರಿ ಎದುರಿನಿಂದ ಬಂದು ಅಲೆಯನ್ನೇ ಎರಚಿಹೋಯಿತು. ನಾನು ತೊಯ್ದು ತೊಪ್ಪೆಯಾದೆ. ಗಾಡಿ ಕೆಮ್ಮಿತು, ನಿಂತಿತು.

ದೂಮಪ್ಪ ಇಳಿದು ಬಾನೆಟ್ ಎತ್ತಿದ. ಗುಲಾಬಿ ಕೊಡೆ ಬಿಡಿಸಿ ಪಕ್ಕದಲ್ಲೇ ಬಂದು ನಿಂತಳು. ನನ್ನ ಮೇಲೆ ಕೆಂಪು ನೀರು ಇಳಿಯುತ್ತಿತ್ತು.

"ನೀನು ಒಳಗೆ ಕೂತ್ಕೋ. ಒದ್ದೆ ಆಗ್ತಿ."

"ನಾನು ಒಳಗೆ ಕೂತ್ರೆ ಕೊಡೆ ಯಾರು ಹಿಡಿಯುದು?"

ಅವನು ಕಾಯಿಲ್ ಒರೆಸಿದ. ವಯರು ಒರೆಸಿದ. ಬೇಡದಿದ್ದರೂ ಬ್ಯಾಟರಿಯ ಕೊಂಡಿಯನ್ನೂ ಬಿಗಿ ಮಾಡಿದ. ನನ್ನ ಹತ್ತಿರ ಬಂದಾಗ ಅವನ ಕೈ ಮತ್ತೆ ಹಳೆಯ ಹಾಗೆ ಕುಂಕುಮದ ಸುತ್ತ ಹೋಯಿತು. ಹೋಗಿ ಕೀ ತಿರುಗಿಸಿದ. ಇಲ್ಲ. ಇನ್ನೊಮ್ಮೆ ಬಂದು ಅದೇ ಒರೆಸಿದ. ಮತ್ತೆ ತಿರುಗಿಸಿದ. ಇಂಜಿನ್ ತಿರುಗುವ ಸದ್ದು ಮೊದಲಿನಷ್ಟು ಇರಲಿಲ್ಲ, ಬ್ಯಾಟರಿ ಸೋಲುತ್ತಿತ್ತು. ಇನ್ನೊಂದೆರಡು ಸಲ ತಿರುಗಿಸಿದರೆ ಅದೂ ಮುಗಿಯಿತು. ಒಂದು ಬಸ್ಸು ಜನ ಜೋತಾಡಿಸಿಕೊಂಡು ನಿಲ್ಲದೆ ಹೋಯಿತು. ನಿಂತಿದ್ದರೂ ಟೀಚರ್ ಅದರ ಮೆಟ್ಟಿಲು ಹತ್ತುವಂತಿರಲಿಲ್ಲ.

ಹಿಂದಿನ ಸೀಟಿನಿಂದ ಟೀಚರ ಉಸಿರು ನನಗೇ ಕೇಳಿಸುತ್ತಿತ್ತು. ಅವರು ಗಾಜಿಗೆ ಉಂಗುರದಲ್ಲಿ ಬಡಿದು, ಗಾಜು ಸ್ವಲ್ಪ ಇಳಿಸಿದರು. "ದೂಮಪ್ಪ," ಅಂದರು. "ನನಗೆ ಆಗ್ತಾ ಇಲ್ಲ. ಹೇಳು ಅವಳಿಗೆ."

"ಎಂತ ಹೇಳುದು?" ಗುಲಾಬಿ ಗಂಡನ ಕಡೆ ತಿರುಗಿದಳು. "ಎಂತದು?"

ಅಷ್ಟು ವರ್ಷ ಒಂದು ಹಾರನ್ನನ್ನೂ ಜೋರಾಗಿ ಹೊಡೆಯದ ಆ ಮನುಷ್ಯ ಮಳೆಯ ಸದ್ದಿನ ಮೇಲೆ ಕೂಗಿಬಿಟ್ಟ.

"ಕುಂಕುಮ ಮಾರಾಯ್ತಿ! ನಿನ್ನ ಕುಂಕುಮದಿಂದಲೇ ಗಾಡಿ ನಿಲ್ಲುದು! ನೀರು ತಾಗಿದ್ರೆ ಕರೆಂಟು ಅದರ ಮೇಲೆಯೇ ಹೋಗ್ತದೆ. ಪ್ರತಿ ಶುಕ್ರವಾರ ಮಿಲ್ಲಿನ ಹತ್ರ ನಾನೇ ಒರೆಸುದು. ಇವತ್ತು ನೀನು ಬಂದಿ, ಒರೆಸ್ಲಿಕ್ಕೆ ಆಗ್ಲಿಲ್ಲ."

ಗುಲಾಬಿಯ ಮುಖ ನೋಡಲಾಗಲಿಲ್ಲ ನನಗೆ. ಅಷ್ಟು ಹತ್ತಿರದಿಂದ ಯಾವ ಮುಖವೂ ಹಾಗೆ ಇಳಿದುಹೋದದ್ದನ್ನು ನಾನು ಕಂಡಿಲ್ಲ. ಅವಳು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಗಾಜಿನೊಳಗೆ ಬಾಯಿ ತೆರೆದು ಉಸಿರೆಳೆಯುತ್ತಿದ್ದ ಟೀಚರನ್ನು ನೋಡಿದಳು. ಕೊಡೆಯ ಹಿಡಿಯನ್ನು ಗಂಡನ ಕೈಗೆ ತುರುಕಿದಳು.

"ಬಿಚ್ಚಿ ಅದನ್ನು. ಹಿಡೀರಿ ಕೊಡೆ ಸರಿಯಾಗಿ."

ಅವನು ಒಂದು ಕೈಯಲ್ಲಿ ಕ್ಲಿಪ್ಪು ಎಬ್ಬಿಸಿ ನನ್ನನ್ನು ಎತ್ತಿಕೊಟ್ಟ. ಅವಳು ಸೀರೆಯ ಒಳಗಿನ ಒಣ ನೆರಿಗೆಯನ್ನು ಎಳೆದು ನನ್ನನ್ನು ಒರೆಸಿದಳು. ತಾನೇ ಇಟ್ಟ ಬೊಟ್ಟುಗಳನ್ನು ಒಂದೊಂದಾಗಿ ಉಜ್ಜಿದಳು. ಕೊಂಬಿನ ಸಂದು, ನಡುವಿನ ಗೆರೆ, ಒಳಗಿನ ಹೊಟ್ಟೆ, ಒಂದನ್ನೂ ಬಿಡಲಿಲ್ಲ. ಅವಳ ಕಣ್ಣೀರು ನನ್ನ ಮೇಲೆ ಬೀಳಬಾರದೆಂದು ಮುಖವನ್ನು ಆಚೆ ತಿರುಗಿಸಿಕೊಂಡೇ ಒರೆಸಿದಳು.

ದೂಮಪ್ಪ ನನ್ನನ್ನು ಕೂರಿಸಿ ಕೀ ತಿರುಗಿಸಿದ. ಇಂಜಿನ್ ಭಾರವಾಗಿ ಒಂದು ಸುತ್ತು ಬಂತು. ಬ್ಯಾಟರಿಯಲ್ಲಿ ಉಳಿದದ್ದು ಅಷ್ಟೇ. ಆ ಒಂದು ಸುತ್ತಿನಲ್ಲಿ ಬಂದ ಕಿಡಿಯನ್ನು ನಾನು ಒಂದಿಷ್ಟೂ ಚೆಲ್ಲದೆ ಪ್ಲಗ್ಗುಗಳಿಗೆ ಮುಟ್ಟಿಸಿದೆ. ಗಾಡಿ ಹಿಡಿಯಿತು.

ಅವರು ಆಸ್ಪತ್ರೆಗೆ ತಲುಪಿದ್ದು ತಡವಾಗಿಯೇ. ಆದರೆ ಮಳೆ ಎಲ್ಲರಿಗೂ ಒಂದೇ ಅಲ್ಲವೇ, ಮುಂದಿನ ಸರದಿಯವರೂ ಬಂದಿರಲಿಲ್ಲ. ಟೀಚರಿಗೆ ಮಂಚ ಸಿಕ್ಕಿತು. ಸಂಜೆಗೆ ಉಸಿರು ಹಗುರವಾಗಿ, ಚಾ ಬೇಕು ಎಂದು ಹಟ ಮಾಡಿದರಂತೆ.

ಟೀಚರನ್ನು ಅವರ ಮನೆಗೆ ಬಿಟ್ಟು ಗಾಡಿ ನಮ್ಮ ಮನೆ ಕಡೆ ತಿರುಗಿತು. ವೈಪರ್ ಆಡುತ್ತಿತ್ತು.

"ನಿಮ್ಮನ್ನು ಕಾಪಾಡ್ತದೆ ಅಂತ ಹಚ್ಚಿದ್ದು ನಾನು," ಅಂದಳು ಗುಲಾಬಿ. "ಇವತ್ತು ಟೀಚರ ಜೀವ ಹೋಗ್ತಿತ್ತು ಅದರಿಂದ. ಹಾಗಾದ್ರೆ ಆ ಮರ ಬಿದ್ದ ದಿನ?"

"ಆ ದಿನ ನಿಂತದ್ದೂ ಅದರಿಂದಲೇ. ನಾನು ಉಳಿದದ್ದೂ ಅದರಿಂದಲೇ. ಮತ್ತೆ ಹೇಗೆ ಹೇಳ್ಲಿ ನಾನು? ಬಾಯಿ ಬರ್ಲಿಲ್ಲ."

"ದೇವರು ತೆಗೊಂಡ ಅಂತ ನಾನು ಹೇಳುವಾಗ ಹೌದು ಹೌದು ಅಂತಿದ್ರಿ."

ಮನೆ ಬಂದಾಗ ಅವಳು ಬಾಗಿಲು ಧಡಕ್ಕನೆ ಹಾಕಿ ಇಳಿದುಹೋದದ್ದು ಕೇಳಿಸಿತು.

ಮರುವಾರ ಶುಕ್ರವಾರ ಬೆಳಿಗ್ಗೆ ಬಾನೆಟ್ ಏಳಲಿಕ್ಕಿಲ್ಲ ಅಂದುಕೊಂಡಿದ್ದೆ. ಎದ್ದಿತು. ಮಿಂದ ತಲೆಗೆ ಬೈರಾಸು ಸುತ್ತಿಕೊಂಡು ಗುಲಾಬಿ ನಿಂತಿದ್ದಳು. ಕೈಯಲ್ಲಿ ತಟ್ಟೆಯಿರಲಿಲ್ಲ, ಒಲೆಯ ಹತ್ತಿರ ಒಣಗಿಸಿದ ಹತ್ತಿ ಬಟ್ಟೆಯಿತ್ತು. ಬಟ್ಟೆ ಬೆಚ್ಚಗಿತ್ತು. ನನ್ನನ್ನು ಬಿಚ್ಚಿಸಿಕೊಂಡು ಒಳಗೆ ಹೊರಗೆ ಒರೆಸಿ, ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟಳು. ಆ ವಾರ ಮಾತ್ರ ಅಲ್ಲ, ಎಲ್ಲ ವಾರವೂ. ಆಮೇಲೆ ದೂಮಪ್ಪನ ಗಾಡಿ ಮಳೆಗೆ ನಿಲ್ಲಲಿಲ್ಲ. ಟೀಚರ್ ಇನ್ನೂ ಎಷ್ಟೋ ಮಳೆಗಾಲ ಅದೇ ಸೀಟಿನಲ್ಲಿ ಕೂತು ಹೋಗಿ ಬಂದರು, ಆಮೇಲೆ ಒಂದು ಬೇಸಗೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು.

ಈಗ ನಾವೆಲ್ಲ ಮುದಿಯಾಗಿದ್ದೇವೆ. ದೂಮಪ್ಪನ ಕಣ್ಣು ಮಂಜಾಗಿ ಸ್ಟೇರಿಂಗ್ ಬಿಟ್ಟಿದ್ದಾನೆ. ಗಾಡಿಯನ್ನು ಗುಜರಿಗೆ ಕೇಳಿದವರಿಗೆ ಗುಲಾಬಿ ಕೊಡಲಿಲ್ಲ. ನಾನೂ ಗಾಡಿಯೂ ಅಂಗಳದ ಮೂಲೆಯ ತಗಡಿನ ಮಾಡಿನ ಕೆಳಗೆ ನಿಂತಿದ್ದೇವೆ. ಬ್ಯಾಟರಿ ತೆಗೆದಿದ್ದಾರೆ, ಎರಡು ವಯರನ್ನು ಇಲಿ ಕಡಿದಿದೆ. ನನ್ನ ಮೈ ಬಣ್ಣಗೆಟ್ಟಿದೆ, ಒಂದು ಕೊಂಬಿನ ತುದಿ ಮುಕ್ಕಾಗಿದೆ. ದುಡಿದದ್ದು ಸಾಕು ಅನಿಸುತ್ತದೆ. ಈ ಜನ್ಮದಲ್ಲಿ ನನಗೆ ತಿಳಿದದ್ದು ಹೆಚ್ಚೇನಿಲ್ಲ. ಹಚ್ಚುವ ಕೈಯೂ ಒರೆಸುವ ಕೈಯೂ ಪ್ರೀತಿಯದ್ದೇ, ನಡುವೆ ಬಾಯಿ ಬಿಡದೆ ಇದ್ದದ್ದರಿಂದಲೇ ಇಷ್ಟು ದಣಿವು. ನನಗಾದರೆ ಬಾಯಿ ಇರಲಿಲ್ಲ, ಅವನಿಗೆ ಇತ್ತು.

ಮೊನ್ನೆ ಶುಕ್ರವಾರವೂ ಗುಲಾಬಿ ಬಂದಳು. ಸೊಂಟ ಹಿಡಿದುಕೊಂಡು, ಬೆಚ್ಚಗಿನ ಬಟ್ಟೆ ಹಿಡಿದುಕೊಂಡು. ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದ ದೂಮಪ್ಪ ಎದ್ದು ನಿಂತು ಅಲ್ಲಿಂದಲೇ ಕೂಗಿದ.

"ಇನ್ನು ಎಂತಕ್ಕೆ ಮಾರಾಯ್ತಿ ಅದು? ಅದರಲ್ಲಿ ಕರೆಂಟೇ ಇಲ್ಲ. ಎಲ್ಲಿಗೂ ಹೋಗ್ಲಿಕ್ಕಿಲ್ಲದ ಗಾಡಿ."

ಅವಳು ನನ್ನನ್ನು ಒರೆಸುವುದು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ನೀವು ಅಷ್ಟು ವರ್ಷ ನನಗೆ ಹೇಳದೆ ಒರೆಸಿದ್ರಿ," ಅಂದಳು. "ನಾನು ನಿಮ್ಮ ಕಣ್ಣೆದುರೇ ಒರೆಸ್ತಾ ಇದ್ದೇನೆ. ಸುಮ್ಮನೆ ಕೂತ್ಕೊಳ್ಳಿ."

ಅವನು ಕೂತ.